ಪೀಡೆ ಎಂಬ ಹೆಸರು

ಅಮೀನಗಡದ ಸುತ್ತ ಹತ್ತಿ ಬೆಳೆದವರಿಗೆ, ಹಿತ್ತಲಲ್ಲಿ ನಾಲ್ಕು ಬೆಂಡೆ ಗಿಡ ಹಚ್ಚಿದವರಿಗೆ ಎಲೆ ಸುರುಳಿ ಹುಳು ಹೊಸದಲ್ಲ. ಮಾಸಲು ಹಳದಿಯ, ಕಂದು ಗೆರೆಗಳ ಪುಟ್ಟ ಪತಂಗವೊಂದು ಎಲೆಯ ಕೆಳಗೆ ತತ್ತಿಯಿಡುತ್ತದೆ. ಹೊರಬಂದ ಹಸಿರು ಮರಿ ಕೊಂಚ ಬೆಳೆದ ಮೇಲೆ ತನ್ನ ಬಾಯಿಯ ನೂಲಿನಿಂದ ಎಲೆಯನ್ನು ತುತ್ತೂರಿಯಂತೆ ಸುತ್ತಿಕೊಂಡು, ಒಳಗೇ ಕುಳಿತು ತಿನ್ನುತ್ತದೆ. ಅದಕ್ಕೆ ಅದೇ ಮನೆ, ಅದೇ ಊಟ.

ಹತ್ತಿ, ಬೆಂಡೆ, ದಾಸವಾಳ, ದಾರಿ ಬದಿಯ ತುತ್ತಿ ಎಲ್ಲವೂ ಒಂದೇ ಕುಲದ ಗಿಡಗಳು. ಈ ಹುಳುವಿನ ಬಾಯಿಗೆ ಒಗ್ಗುವುದು ಹೆಚ್ಚಾಗಿ ಇವೇ. ತುತ್ತಿಯ ಮೇಲಿದ್ದಾಗ ಅದನ್ನು ಯಾರೂ ತಿರುಗಿ ನೋಡುವುದಿಲ್ಲ. ನಮ್ಮ ಬೆಂಡೆಗೆ ಬಂದೊಡನೆ ಅದು ಪೀಡೆ. ಹುಳುವಿನ ಸ್ವಭಾವ ಬದಲಾಗಲಿಲ್ಲ. ಗಿಡ ಯಾರದೆಂಬ ಲೆಕ್ಕ ಬದಲಾಯಿತು.

ಹಾಗೆಂದು ಗಿಡವನ್ನೇ ಬಿಟ್ಟುಕೊಡಬೇಕೆ? ಇಲ್ಲ. ಪಲ್ಯಕ್ಕೆ ಕಾಯಿ ಬೇಕು. ಸುರುಳಿಗಳನ್ನು ನಾನೂ ಕಿತ್ತು ಹೊಸಕುತ್ತೇನೆ. ಆದರೆ ಅದು ನನ್ನ ಅಗತ್ಯ, ಹುಳುವಿನ ಅಪರಾಧವಲ್ಲ. ಇವೆರಡನ್ನೂ ಬೆರೆಸುವ ಚಾಳಿ ಮನುಷ್ಯರವರೆಗೂ ಬರುತ್ತದೆ.

ಗಂಡನನ್ನು ಕಳೆದುಕೊಂಡು ತವರಿಗೆ ಮರಳಿದ ಹೆಣ್ಣುಮಗಳನ್ನು ನೋಡಿ. ರೊಟ್ಟಿ ಅದೇ, ಹಸಿವೆ ಅದೇ. ಮದುವೆಗೆ ಮೊದಲು ‘ಇನ್ನೊಂದು ಹಾಕ್ಕೊ ತಂಗಿ’ ಎಂದ ಮನೆಯಲ್ಲೇ ಈಗ ‘ಮತ್ತೊಂದು ಬಾಯಿ ಆತು’ ಎಂಬ ಮಾತು. ಬದಲಾದದ್ದು ಅವಳಲ್ಲ, ಮನೆಯವರ ಲೆಕ್ಕ. ಇಲ್ಲಿ ಅಗತ್ಯದ ನೆಪವೂ ಇಲ್ಲ. ಅವಳ ಪಾಲು ಆ ಮನೆಯಲ್ಲಿ ಇದ್ದೇ ಇದೆ.

ನಾವಿಟ್ಟ ಹೆಸರು ಹುಳುವಿಗೆ ಕೇಳಿಸದು. ಅವಳಿಗೆ ಕೇಳಿಸುತ್ತದೆ, ತುತ್ತು ಸಣ್ಣದು ಮಾಡುತ್ತಾಳೆ.