ಪಂಕ್ತಿಯಲ್ಲಿ ಒಂದು ಎಲೆ

ಊಟ ಹಾಕುವುದಕ್ಕೂ ಜೊತೆಯಲ್ಲಿ ಕೂರಿಸಿಕೊಂಡು ಉಣ್ಣುವುದಕ್ಕೂ ಬಹಳ ಅಂತರವಿದೆ. ನಾವು ಹೆಂಗಸರು ಅಡಿಗೆ ಮಾಡಿ ಬಡಿಸಿದರೆ ಧರ್ಮ ಮುಗಿಯಿತು ಎಂದುಕೊಳ್ಳುತ್ತೇವೆ.

ದೀಪಾ ಮೆಹ್ತಾ ಅವರ 'ಫೈರ್' ಚಿತ್ರ ನೋಡಿದಂದಿನಿಂದ ಈ ವಿಚಾರ ನನ್ನನ್ನು ಕಾಡುತ್ತಿದೆ. 1996ರಲ್ಲಿ ತಯಾರಾದ ಈ ಚಿತ್ರ ನಮ್ಮ ದೇಶದಲ್ಲಿ ತೆರೆಕಂಡದ್ದು 1998ರಲ್ಲಿ. ಆ ಡಿಸೆಂಬರಿನಲ್ಲಿ ಮುಂಬಯಿ, ದಿಲ್ಲಿಗಳ ಚಿತ್ರಮಂದಿರಗಳ ಮೇಲೆ ದಾಳಿಯೂ ಆಯಿತು. ಕಥೆ ದಿಲ್ಲಿಯ ಕೂಡುಕುಟುಂಬವೊಂದರದು. ಊಟ ಕಟ್ಟಿಕೊಡುವುದು ಅವರ ವ್ಯಾಪಾರ. ಶಬಾನಾ ಆಜ್ಮಿ, ನಂದಿತಾ ದಾಸ್ ಅಭಿನಯಿಸಿದ ಓರಗಿತ್ತಿಯರು ಅಲ್ಲಿ ದುಡಿಯುತ್ತಾರೆ, ಅತ್ತೆಯ ಸೇವೆ ಮಾಡುತ್ತಾರೆ, ಗಂಡಂದಿರಿಗಾಗಿ ಕರ್ವಾ ಚೌತ್ ಉಪವಾಸವನ್ನೂ ಇರುತ್ತಾರೆ. ಅವರಿಬ್ಬರು ಒಬ್ಬರನ್ನೊಬ್ಬರು ಪ್ರೀತಿಸುತ್ತಾರೆಂದು ತಿಳಿದಾಗ ಇದಾವುದೂ ಲೆಕ್ಕಕ್ಕೆ ಬರುವುದಿಲ್ಲ. ಅಡಿಗೆಮನೆಯಲ್ಲಿ ಹಿರಿಯವಳಾದ ರಾಧಾಳ ಸೀರೆಗೆ ಬೆಂಕಿ ಹತ್ತಿದಾಗ ಗಂಡ ತನ್ನ ತಾಯಿಯನ್ನಷ್ಟೇ ಎತ್ತಿಕೊಂಡು ಹೊರನಡೆಯುತ್ತಾನೆ. ವರ್ಷಗಟ್ಟಲೆ ಅವಳ ಕೈಯ ಅನ್ನ ಉಂಡವನು!

ಅದು ದೂರದ ದಿಲ್ಲಿಯ ಸಿನಿಮಾ ಎಂದು ಸುಮ್ಮನಿರುವಂತಿಲ್ಲ. 2015ರಲ್ಲಿ ಬಿಡುಗಡೆಯಾದ, ಬಿ.ಎಸ್. ಲಿಂಗದೇವರು ಅವರ ಕನ್ನಡ ಚಿತ್ರ 'ನಾನು ಅವನಲ್ಲ ಅವಳು' ಕೂಡ ಮನೆಯಲ್ಲಿ ನೆಲೆ ಸಿಗದ ಜೀವದ ಕಥೆಯೇ. ಅದರ ಅಭಿನಯಕ್ಕೆ ಸಂಚಾರಿ ವಿಜಯ್ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಪ್ರಶಸ್ತಿಗೆ ಚಪ್ಪಾಳೆ ತಟ್ಟಿದ ನಾವು, ಅಂಥವರು ನಮ್ಮ ಮನೆಯಲ್ಲೇ ಇದ್ದರೆ ಏನು ಮಾಡುತ್ತೇವೆ?

ನನಗೆ ಪರಿಚಯದ ತಾಯಿಯೊಬ್ಬಳ ಮಗ, ತಾನು ಗಂಡಸನ್ನು ಪ್ರೀತಿಸುವವನೆಂದು ಮನೆಯಲ್ಲಿ ಹೇಳಿದ. ಅಂಥ ಪ್ರೀತಿ ಅಪರಾಧವಲ್ಲವೆಂದು ಸುಪ್ರೀಂ ಕೋರ್ಟು 2018ರಲ್ಲೇ ಹೇಳಿದೆ. ಮನೆಯ ತೀರ್ಪು ಮಾತ್ರ ಬೇರೆ. ದೀಪಾವಳಿಗೆ ತಾಯಿ ಉಂಡೆ, ಚಕ್ಕುಲಿಯ ಡಬ್ಬಿ ತುಂಬಿ ಕಳಿಸುತ್ತಾಳೆ. ಹಬ್ಬಕ್ಕೆ ಬಾ ಎನ್ನಲಾರಳು. "ಅವನನ್ನ ಪಂಕ್ತಿಲಿ ಕೂರಿಸಿದ್ರೆ ನೆಂಟರು ಎದ್ದು ಹೋಗ್ತಾರೆ ಅಕ್ಕೋರೆ" ಎನ್ನುತ್ತಾಳೆ. ಅವಳೇನು ಕಲ್ಲೆದೆಯವಳಲ್ಲ. ಮನೆತನದ ಸಂಪ್ರದಾಯ ಕೆಡಬಾರದೆಂಬ ಭಯ ಅವಳದು.

ಆದರೆ ಯಾವುದು ನಮ್ಮ ಸಂಪ್ರದಾಯ? ಚೆನ್ನಬಸವಣ್ಣನವರ ಸಮಾಧಿಯಿರುವ ನಮ್ಮ ಉಳವಿಗೆ ಮಾಘದ ಜಾತ್ರೆಯಲ್ಲಿ ಧಾರವಾಡ, ಬೆಳಗಾವಿ ಕಡೆಯಿಂದ ಚಕ್ಕಡಿ ಕಟ್ಟಿಕೊಂಡು ಜನ ಬರುತ್ತಾರೆ. ದಾಸೋಹದಲ್ಲಿ ಪಕ್ಕ ಕೂತವನು ಯಾರನ್ನು ಪ್ರೀತಿಸುತ್ತಾನೆಂದು ಯಾರೂ ಕೇಳುವುದಿಲ್ಲ. ಅಪರಿಚಿತರಿಗೆ ತೋರುವ ಈ ಧಾರಾಳತನ ಹೆತ್ತ ಮಗನಿಗೇಕೆ ಇಲ್ಲ?

ಜಾತ್ರೆಯ ಪಂಕ್ತಿ ಒಂದು ದಿನದ್ದು, ನೆಂಟರೊಡನೆ ಬಾಳುವುದು ಜೀವನವಿಡೀ ಎನ್ನಬಹುದು. ನಿಜ. ಆದರೂ ಸಿಟ್ಟಾಗಿ ಎದ್ದುಹೋದ ನೆಂಟರು ಮುಂದಿನ ಹಬ್ಬಕ್ಕೆ ಬಂದಾರು. ಕರೆಯದೇ ಬಿಟ್ಟ ಮಗ ಮನೆಯ ದಾರಿಯನ್ನೇ ಮರೆತಾನು. ಆ ತಾಯಿಗೂ ಇದನ್ನೇ ಹೇಳಿದೆ. "ಯುಗಾದಿಗೆ ನೋಡೋಣ" ಎಂದಿದ್ದಾಳೆ.