ಬೀದಿಯ ಏಕಾಂತಕ್ಕೆ ಬಾಗಿಲೆಲ್ಲಿ?

ಹಲವು ವರ್ಷಗಳ ಹಿಂದೆ ನಮ್ಮೂರಿನ ಸಭಾಂಗಣವೊಂದರಲ್ಲಿ ಛಾಯಾಚಿತ್ರ ಪ್ರದರ್ಶನ ಏರ್ಪಾಡಾಗಿತ್ತು. ಎಲ್ಲವೂ ಕಪ್ಪು-ಬಿಳುಪು, ಎಲ್ಲವೂ ಬೀದಿಯ ಚಿತ್ರಗಳು. ಒಂದೊಂದನ್ನೇ ನೋಡುತ್ತಾ ಸಾಗಿದ ನಾವು ಒಂದು ಚಿತ್ರದ ಮುಂದೆ ಗಕ್ಕನೆ ನಿಂತೆವು. ಬಾಗಿಲು ಹಾಕಿದ ಅಂಗಡಿಯ ಕಟ್ಟೆ, ಸುಡುವ ಮಧ್ಯಾಹ್ನ, ಕತ್ತರಿಸಿ ಇಟ್ಟಂತಹ ನೆರಳು. ಆ ನೆರಳಿನಲ್ಲಿ, ಟೋಪಿಯನ್ನು ಮೊಣಕಾಲ ಮೇಲಿಟ್ಟುಕೊಂಡು ಕುಳಿತ ಒಬ್ಬ ಮುದುಕರು. ಅವರು ನಮ್ಮ ಅಬ್ಬಾ. ತೀರಿಕೊಂಡು ಆಗ ಎರಡು ವರ್ಷವಾಗಿತ್ತು. ಚಿತ್ರದ ಕೆಳಗೆ ‘ಯಾರೂ ಇಲ್ಲದವರು’ ಎಂದು ಬರೆದಿತ್ತು.

ಪಕ್ಕದಲ್ಲಿದ್ದ ಹುಡುಗಿಯೊಬ್ಬಳು ‘ಪಾಪ’ ಎಂದಳು. ನಮಗೆ ಸಿಟ್ಟು ಬಂತು. ಯಾರೂ ಇಲ್ಲದವರೇ? ಐದು ಮಕ್ಕಳು, ಹನ್ನೊಂದು ಮೊಮ್ಮಕ್ಕಳು, ಹಬ್ಬದ ದಿನ ಕಾಲಿಡಲು ಜಾಗವಿಲ್ಲದ ಮನೆ! ಮಧ್ಯಾಹ್ನದ ನಮಾಜು ಮುಗಿಸಿ, ಊಟಕ್ಕೆ ಮೊದಲು ಅರ್ಧ ಗಂಟೆ ಆ ಕಟ್ಟೆಯ ಮೇಲೆ ಸುಮ್ಮನೆ ಕೂರುವುದು ಅವರ ರೂಢಿ. ಕರೆಯಲು ಹೊರಟ ಮಕ್ಕಳನ್ನು ಅಮ್ಮಿಯೇ ತಡೆಯುತ್ತಿದ್ದರು. “ಅದು ಅವರ ಹೊತ್ತು, ಬಿಡಿ” ಎನ್ನುತ್ತಿದ್ದರು.

ಕನ್ನಡದಲ್ಲಿ ಒಂಟಿತನ ಬೇರೆ, ಏಕಾಂತ ಬೇರೆ. ಒಂದು ನಮ್ಮ ಮೇಲೆ ಬಂದು ಬೀಳುವಂಥದ್ದು. ಇನ್ನೊಂದು ನಾವೇ ಹುಡುಕಿಕೊಂಡು ಹೋಗುವಂಥದ್ದು. ಉರ್ದುವಿನಲ್ಲಿಯೂ ಹಾಗೆಯೇ. ತನ್ಹಾಯಿ ಎಂದರೆ ಎದೆ ಭಾರವಾಗುತ್ತದೆ. ಖಲ್ವತ್ ಎಂದರೆ ಸೂಫಿಗಳು ಕದ ಹಾಕಿಕೊಂಡು ಕುಳಿತ ಕೋಣೆ ನೆನಪಾಗುತ್ತದೆ. ಎರಡು ಭಾಷೆಗಳು ಇಷ್ಟು ಜತನದಿಂದ ಬೇರೆ ಮಾಡಿಟ್ಟದ್ದನ್ನು ಕ್ಯಾಮರಾ ಬೇರೆ ಮಾಡಲಾರದು. ಅದಕ್ಕೆ ಕಾಣುವುದು ಒಬ್ಬ ಮನುಷ್ಯ ಮತ್ತು ಅವನ ಸುತ್ತಲಿನ ಖಾಲಿ ಜಾಗ, ಅಷ್ಟೇ. ಉಳಿದದ್ದನ್ನು ತುಂಬುವವರು ನಾವು, ನೋಡುವವರು.

ಆ ಖಾಲಿ ಜಾಗವೂ ಕೆಲವೊಮ್ಮೆ ಕ್ಯಾಮರಾದ್ದೇ ಸೃಷ್ಟಿ. 1838ರಲ್ಲಿ ಲೂಯಿ ಡಾಗೆರ್ ಪ್ಯಾರಿಸ್ಸಿನ ಒಂದು ಬೀದಿಯನ್ನು ಎತ್ತರದ ಕಿಟಕಿಯಿಂದ ಸೆರೆಹಿಡಿದರು. ಮನುಷ್ಯಾಕೃತಿ ಕಾಣಿಸುವ ಮೊಟ್ಟಮೊದಲ ಛಾಯಾಚಿತ್ರಗಳಲ್ಲಿ ಅದನ್ನು ಎಣಿಸುತ್ತಾರೆ. ಆ ಕಾಲದಲ್ಲಿ ಬೆಳಕು ತಟ್ಟೆಯ ಮೇಲೆ ಮೂಡಲು ಹಲವು ನಿಮಿಷ ಬೇಕಿತ್ತು. ಹೀಗಾಗಿ ಓಡಾಡುತ್ತಿದ್ದ ಗಾಡಿ, ಕುದುರೆ, ಜನ ಯಾವುದೂ ಚಿತ್ರದಲ್ಲಿ ಉಳಿಯಲಿಲ್ಲ. ಬೂಟು ಪಾಲಿಶ್ ಮಾಡಿಸಿಕೊಳ್ಳಲು ಕಾಲೆತ್ತಿ ಅಲುಗಾಡದೆ ನಿಂತಿದ್ದ ಒಬ್ಬ ಮಾತ್ರ ಉಳಿದ. ನೋಡಿದವರಿಗೆ ಅದು ನಿರ್ಜನ ಬೀದಿ, ಅವನೊಬ್ಬ ಒಂಟಿ. ಆದರೆ ಬೀದಿ ನಿರ್ಜನವಾಗಿರಲಿಲ್ಲ. ಅವನು ಒಂಟಿಯೂ ಅಲ್ಲ. ಅವನ ಕಾಲ ಬಳಿ ಪಾಲಿಶ್ ಮಾಡುವವನು ಮಸುಕಾಗಿ ಇದ್ದೇ ಇದ್ದಾನೆ. ಅವನನ್ನು ಲೆಕ್ಕಕ್ಕೆ ಹಿಡಿಯಲು ನಾವು ಮರೆಯುತ್ತೇವೆ.

ಇನ್ನು ಕಪ್ಪು-ಬಿಳುಪಿನ ಮಾತು. ಬಣ್ಣ ವಾಚಾಳಿ. ಗೋಡೆಯ ಸುಣ್ಣ ಯಾವಾಗಿನದು, ಮಾವು ಹಣ್ಣಾಗಿದೆಯೇ, ಶರಟು ಹೊಸದೇ, ಎಲ್ಲವನ್ನೂ ಅದು ಹೇಳಿಬಿಡುತ್ತದೆ. ಬಣ್ಣವನ್ನು ತೆಗೆದರೆ ಸಂತೆಯ ಗದ್ದಲ ಒಮ್ಮೆಲೇ ಅಡಗುತ್ತದೆ. ಬೆಳಕು, ನೆರಳು, ಮುಖದ ಗೆರೆ ಮಾತ್ರ ಉಳಿಯುತ್ತವೆ. ಹೀಗಾಗಿ ಒಬ್ಬ ಮನುಷ್ಯನ ಮೌನವನ್ನು ಕೇಳಿಸಲು ಅದು ಒಳ್ಳೆಯ ದಾರಿ. ಆದರೆ ಅದೇ ನೆರಳು ಅವನನ್ನು ಅವನ ಅಂಗಡಿಯಿಂದ, ನೆರೆಯವರಿಂದ, ಊರಿನಿಂದ ಕತ್ತರಿಸಿಯೂ ಬಿಡುತ್ತದೆ. ನಮ್ಮ ಅಬ್ಬಾರ ಕಟ್ಟೆಯ ಎದುರಿಗೇ ಇದ್ದ ಚಹಾದಂಗಡಿ ಆ ಚಿತ್ರದಲ್ಲಿ ಬರೀ ಕಪ್ಪು. ಈಗಂತೂ ಮೊಬೈಲಿನಲ್ಲಿ ಒಂದು ಸಲ ಬೆರಳಾಡಿಸಿದರೆ ಸಾಕು, ಯಾರನ್ನು ಬೇಕಾದರೂ ದುಃಖಿಯನ್ನಾಗಿ ಮಾಡಬಹುದು.

ಹಾಗಾದರೆ ಕೇಳಿಯೇ ತೆಗೆಯಬೇಕೇ? ಇಲ್ಲಿದೆ ತೊಡಕು. ಕೇಳಿದ ಕ್ಷಣವೇ ಏಕಾಂತ ಮುಗಿಯುತ್ತದೆ. ಮನುಷ್ಯ ಟೋಪಿ ಸರಿಮಾಡಿಕೊಳ್ಳುತ್ತಾನೆ, ಬೆನ್ನು ನೆಟ್ಟಗೆ ಮಾಡುತ್ತಾನೆ, ನಗುತ್ತಾನೆ. ಇದನ್ನರಿತೇ ಅಮೆರಿಕದ ವಾಕರ್ ಇವಾನ್ಸ್ 1938ರಿಂದ 1941ರವರೆಗೆ ನ್ಯೂಯಾರ್ಕಿನ ಸುರಂಗ ರೈಲಿನಲ್ಲಿ ಕೋಟಿನೊಳಗೆ ಕ್ಯಾಮರಾ ಬಚ್ಚಿಟ್ಟುಕೊಂಡು ಕುಳಿತರು. ಗುಂಡಿಗಳ ನಡುವೆ ಮಸೂರ, ತೋಳಿನೊಳಗಿಂದ ಅಂಗೈಗೆ ಇಳಿದ ತಂತಿ. ಎದುರಿನ ಸೀಟಿನಲ್ಲಿ ದಣಿದವರು, ತೂಕಡಿಸುವವರು, ಶೂನ್ಯವನ್ನು ದಿಟ್ಟಿಸುವವರು. ಆ ಮುಖಗಳಲ್ಲಿ ಯಾರಿಗಾಗಿಯೂ ತೊಟ್ಟುಕೊಂಡ ಭಾವವಿಲ್ಲ. ಇಷ್ಟು ಸತ್ಯವಾದ ಮುಖಗಳು ಸಿಕ್ಕಿದ್ದು ಕಳ್ಳತನದಿಂದ ಎಂಬುದನ್ನು ನಾವು ಹೇಗೆ ಮರೆಯುವುದು? ಆದರೆ ಆ ಚಿತ್ರಗಳ ಪುಸ್ತಕ ಹೊರಬಂದದ್ದು 1966ರಲ್ಲಿ. ಕಾರಣ ಏನೇ ಇರಲಿ, ಕಾಲು ಶತಮಾನದ ಆ ವಿಳಂಬ ಆ ಪ್ರಯಾಣಿಕರಿಗೆ ಒಂದು ಮರೆಯಾಯಿತು.

ವಿವಿಯನ್ ಮೇಯರ್ ಅವರ ಕಥೆ ಇನ್ನೂ ವಿಚಿತ್ರ. 1926ರಲ್ಲಿ ಹುಟ್ಟಿದ ಈಕೆ ಶಿಕಾಗೋದ ಮನೆಗಳಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಆಯಾ. ಬಿಡುವಿದ್ದಾಗಲೆಲ್ಲ ಕೊರಳಲ್ಲಿ ರೋಲಿಫ್ಲೆಕ್ಸ್ ಕ್ಯಾಮರಾ ತೂಗುಹಾಕಿಕೊಂಡು ಬೀದಿಗಿಳಿಯುತ್ತಿದ್ದರು. ಆ ಕ್ಯಾಮರಾವನ್ನು ಕಣ್ಣಿಗೆ ಹಿಡಿಯುವುದಿಲ್ಲ, ಹೊಟ್ಟೆಯ ಮಟ್ಟದಲ್ಲಿ ಹಿಡಿದು ತಲೆ ಬಗ್ಗಿಸಿ ನೋಡುತ್ತಾರೆ. ಒಂದು ಲಕ್ಷಕ್ಕೂ ಹೆಚ್ಚು ನೆಗೆಟಿವ್‌ಗಳನ್ನು ಬಿಟ್ಟುಹೋದ ಅವರು ಹೆಚ್ಚಿನವನ್ನು ಯಾರಿಗೂ ತೋರಿಸಲಿಲ್ಲ. ಕೆಲಸಕ್ಕಿದ್ದ ಮನೆಯಲ್ಲಿ ತನ್ನ ಕೋಣೆಗೆ ಬೀಗ ಬೇಕೆಂದು ಕೇಳಿದವರು ಅವರು. ಆದರೆ ಬಾಡಿಗೆ ಕಟ್ಟದ ಕಾರಣ 2007ರಲ್ಲಿ ಅವರ ಪೆಟ್ಟಿಗೆಗಳು ಹರಾಜಾದವು. 2009ರಲ್ಲಿ, ಚಿತ್ರಗಳು ಪ್ರಸಿದ್ಧವಾಗುವ ಮೊದಲೇ, ತೀರಿಕೊಂಡರು. ಇತರರ ಏಕಾಂತವನ್ನು ಕೂಡಿಟ್ಟವರ ಏಕಾಂತವನ್ನೇ ಜಗತ್ತು ಕೇಳದೆ ತೆರೆಯಿತು. ತೆರೆಯದಿದ್ದರೆ ನಾವು ಬಡವರಾಗುತ್ತಿದ್ದೆವು ಎಂಬುದೂ ನಿಜ. ಎರಡು ಮಾತೂ ನಿಜವಾಗಿರುವುದರಿಂದಲೇ ಇದು ನೈತಿಕ ಪ್ರಶ್ನೆ.

ಮೇಯರ್ ಅವರ ಚಿತ್ರಗಳಲ್ಲಿ ಒಂದು ಸಂಗತಿ ನಮ್ಮನ್ನು ಹಿಡಿದು ನಿಲ್ಲಿಸುತ್ತದೆ. ಅಂಗಡಿಯ ಗಾಜಿನಲ್ಲಿ, ಕನ್ನಡಿಯಲ್ಲಿ, ನೆಲಕ್ಕೆ ಬಿದ್ದ ನೆರಳಿನಲ್ಲಿ ಅವರು ಮತ್ತೆ ಮತ್ತೆ ತಮ್ಮನ್ನೇ ತೆಗೆದುಕೊಂಡಿದ್ದಾರೆ. ‘ನೋಡುತ್ತಿರುವವಳು ನಾನು, ನಾನೂ ಒಬ್ಬಳೇ’ ಎಂದು ಹೇಳಿಕೊಂಡಂತೆ.

ಬೇರೆಯವರ ಮನೆಗೆ ಹೋದರೆ ಹೊಸ್ತಿಲಲ್ಲಿ ನಿಂತು ಸಲಾಂ ಹೇಳಿ, ಅನುಮತಿ ಸಿಕ್ಕ ಮೇಲೆಯೇ ಒಳಗೆ ಕಾಲಿಡಬೇಕೆಂದು ಚಿಕ್ಕಂದಿನಲ್ಲಿ ನಮಗೆ ಕಲಿಸಿದ್ದರು. ಬೀದಿಯಲ್ಲಿ ಕುಳಿತವರ ಏಕಾಂತಕ್ಕೆ ಬಾಗಿಲಿಲ್ಲ. ಎಲ್ಲಿ ನಿಂತು ಸಲಾಂ ಹೇಳಬೇಕು? ಮೊದಲು ಹೇಳಲಾಗದಿದ್ದರೆ ಆಮೇಲಾದರೂ ಹೇಳಬೇಕು ಎನಿಸುತ್ತದೆ. ತೆಗೆದದ್ದು ನಮ್ಮ ಸ್ವತ್ತಲ್ಲ, ಅಮಾನತ್ತು ಎಂದು ತಿಳಿಯುವುದು ಒಂದು ಸಲಾಂ. ಕಂಡದ್ದರ ಮೇಲೆ ತೀರ್ಪು ಬರೆಯದಿರುವುದು ಇನ್ನೊಂದು.

ಈ ಮಾತು ಕ್ಯಾಮರಾ ಹಿಡಿದವರಿಗೆ ಮಾತ್ರವಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಒಬ್ಬಳೇ ಕುಳಿತ ಹೆಂಗಸನ್ನು ಕಂಡು, ಮನೆಗೆ ಬಂದು ಅವಳಿಗೊಂದು ದುಃಖ ಕಟ್ಟಿ ಕಥೆ ಮಾಡಿದವರು ನಾವು. ಆಕೆ ಅಂದು ಮಗಳ ಹೆರಿಗೆ ಸುಸೂತ್ರವಾಯಿತೆಂದು ನೆಮ್ಮದಿಯಿಂದ ಕುಳಿತಿದ್ದಳೋ ಏನೋ. ಯಾರು ಕೇಳಿದರು?

ಅಂದು ಪ್ರದರ್ಶನದಲ್ಲಿ ಛಾಯಾಗ್ರಾಹಕರನ್ನು ಕಂಡು ನಾವು ಮಗನೆಂದು ಹೇಳಿಕೊಂಡೆವು. ಆ ಯುವಕ ಕಂಗಾಲಾಗಿ ಚಿತ್ರವನ್ನೇ ತೆಗೆದುಬಿಡಲು ಹೊರಟರು. ಅಷ್ಟರಲ್ಲಿ ನಮ್ಮ ಸಿಟ್ಟು ಇಳಿದು ಬೇರೊಂದು ಅಳುಕು ಹುಟ್ಟಿತ್ತು. ಅಬ್ಬಾ ಆ ಅರ್ಧ ಗಂಟೆ ಏನು ಯೋಚಿಸುತ್ತಿದ್ದರು? ಅದು ಏಕಾಂತವೇ ಎಂದು ನಮಗೆ ಹೇಳಿದವರು ಯಾರು? ಐದು ಮಕ್ಕಳಲ್ಲಿ ಒಬ್ಬರೂ ಒಮ್ಮೆಯೂ ಹೋಗಿ ಪಕ್ಕದಲ್ಲಿ ಕುಳಿತಿರಲಿಲ್ಲ. ಅಪರಿಚಿತನೊಬ್ಬ ಮಾತ್ರ ಅವರನ್ನು ಅಷ್ಟು ಹೊತ್ತು ನಿಂತು ನೋಡಿದ್ದ.

“ಚಿತ್ರ ಇರಲಿ, ಕೆಳಗಿನ ಬರಹ ತೆಗೆಯಿರಿ” ಎಂದೆವು.

ಅದರ ಪ್ರತಿಯೊಂದು ಈಗ ನಮ್ಮ ಮನೆಯ ಗೋಡೆಯ ಮೇಲಿದೆ, ಯಾವ ಬರಹವೂ ಇಲ್ಲದೆ. “ದಾದಾ ಬೇಜಾರಲ್ಲಿದ್ದಾರಾ?” ಎಂದು ಮಕ್ಕಳು ಕೇಳುತ್ತಾರೆ. ಗೊತ್ತಿಲ್ಲ ಎನ್ನುತ್ತೇವೆ. ಕೇಳಬೇಕಾಗಿದ್ದ ಕಾಲದಲ್ಲಿ ನಾವು ಕೇಳಲಿಲ್ಲ ಎಂಬುದನ್ನೂ ಅವರಿಗೆ ಹೇಳುತ್ತೇವೆ.