ಮರಳಿ ತೆರೆದ ಅಂಗಡಿಯ ಮೊದಲ ಮಾತು

ವ್ಯಾಪಾರವು ಗೃಹಸ್ಥನಿಗೆ ನಿಷಿದ್ಧವಾದ ವೃತ್ತಿಯಲ್ಲ. ಕಲ್ಪವೃಕ್ಷಗಳು ಮರೆಯಾದ ಕಾಲದಲ್ಲಿ ಜನರ ಜೀವನೋಪಾಯಕ್ಕಾಗಿ ಭಗವಾನ್ ಆದಿನಾಥರು ಉಪದೇಶಿಸಿದ ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪ ಎಂಬ ಷಟ್ಕರ್ಮಗಳಲ್ಲಿ ವಾಣಿಜ್ಯವೂ ಸೇರಿದೆ. ಧರ್ಮವು ಒಪ್ಪಿದ ವೃತ್ತಿಯಾದ ಮೇಲೆ, ಆ ವೃತ್ತಿಯಲ್ಲಿ ಆಡುವ ಮಾತೂ ಧರ್ಮದ ಪರಿಶೀಲನೆಗೆ ಒಳಪಡಲೇಬೇಕು. ಬಹುಕಾಲ ಮುಚ್ಚಿದ್ದ ಅಂಗಡಿಯನ್ನು ಮರಳಿ ತೆರೆಯುವ ಶ್ರಾವಕನು ತನ್ನ ಗಿರಾಕಿಗಳಿಗೆ ಮೊದಲು ಏನನ್ನು ಹೇಳಬೇಕು? ಮೇಲ್ನೋಟಕ್ಕೆ ಇದು ಜಾಹೀರಾತಿನ ಪ್ರಶ್ನೆಯಂತೆ ಕಾಣುತ್ತದೆ. ವಿಚಾರಿಸಿದರೆ ಇದು ಸತ್ಯಾಣುವ್ರತದ ಪ್ರಶ್ನೆಯಾಗಿದೆ.

2020ರ ಮಾರ್ಚ್ 25ರಂದು ದೇಶವ್ಯಾಪಿಯಾಗಿ ಲಾಕ್‌ಡೌನ್ ಜಾರಿಗೆ ಬಂದಿತು. ಆ ವರ್ಷದ ಮಹಾವೀರ ಜಯಂತಿಯೂ ಅಕ್ಷಯ ತೃತೀಯೆಯೂ ಮುಚ್ಚಿದ ಬಾಗಿಲುಗಳ ಹಿಂದೆಯೇ ಕಳೆದವು. ಮೇ ತಿಂಗಳಲ್ಲಿ ಅಂಗಡಿಗಳು ಹಂತಹಂತವಾಗಿ ತೆರೆದವು. ಜೂನ್ 8ರಿಂದ ದೇವಾಲಯಗಳಿಗೂ ಹೋಟೆಲುಗಳಿಗೂ ಅನುಮತಿ ದೊರೆಯಿತು. 2021ರ ಬೇಸಿಗೆಯಲ್ಲಿ ನಮ್ಮ ರಾಜ್ಯವು ಮತ್ತೊಮ್ಮೆ ಬಾಗಿಲು ಮುಚ್ಚಬೇಕಾಯಿತು. ಎರಡು ಸಲವೂ ಅಂಗಡಿ ತೆರೆದವರು ಮೊದಲು ಮಾಡಿದ ಕೆಲಸವೆಂದರೆ ಸ್ವಾಗತದ ಫಲಕವನ್ನು ತೂಗುಹಾಕಿದ್ದು, ರಿಯಾಯಿತಿಯನ್ನು ಘೋಷಿಸಿದ್ದು. ಇದರಲ್ಲಿ ದೋಷವೇನೂ ಇಲ್ಲ. ಆದರೆ ಮುಚ್ಚುವ ಮುನ್ನ ಮದುವೆಯ ಸೀರೆಗೆ, ಒಡವೆಗೆ, ಅಡುಗೆಗೆ, ಮಂಟಪಕ್ಕೆ ಮುಂಗಡ ಕೊಟ್ಟವರ ಕುರಿತು ಆ ಫಲಕಗಳಲ್ಲಿ ಒಂದು ಅಕ್ಷರವೂ ಕಾಣಲಿಲ್ಲ.

ಈ ಮೌನವನ್ನು ಏನೆಂದು ಕರೆಯಬೇಕು? ನಮ್ಮ ಆಚಾರ್ಯರು ಇದಕ್ಕೆ ಹತ್ತಿರವಾದ ದೋಷವೊಂದನ್ನು ಹೆಸರಿಸಿದ್ದಾರೆ. ಅದು ನ್ಯಾಸಾಪಹಾರ. ಒಬ್ಬನು ಇಟ್ಟ ಹಣದ ಮೊತ್ತವನ್ನು ತಾನೇ ಮರೆತು ಕಡಿಮೆ ಕೇಳಿದಾಗ, ಇಟ್ಟುಕೊಂಡವನು 'ಹಾಗೆಯೇ ಆಗಲಿ' ಎಂದು ಅಷ್ಟನ್ನೇ ಕೊಡುವುದು ನ್ಯಾಸಾಪಹಾರವೆಂದು ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ವಿವರಿಸುತ್ತಾರೆ. ಗಮನಿಸತಕ್ಕ ಸಂಗತಿಯೊಂದಿದೆ. ತತ್ತ್ವಾರ್ಥಸೂತ್ರವೂ ಸಮಂತಭದ್ರಾಚಾರ್ಯರ ರತ್ನಕರಂಡಕವೂ ಇದನ್ನು ಅಚೌರ್ಯವ್ರತದ ಅತಿಚಾರಗಳಲ್ಲಿ ಸೇರಿಸಿಲ್ಲ. ಸತ್ಯವ್ರತದ ಅತಿಚಾರಗಳಲ್ಲಿ ಸೇರಿಸಿವೆ. ಹಣ ಪರರದು, ಉಳಿದುದು ತನ್ನಲ್ಲಿ. ಹೀಗಿದ್ದರೂ ಇದನ್ನು ಕಳವೆನ್ನದೆ ಅಸತ್ಯದ ಬಳಿ ಇರಿಸಿದ್ದೇಕೆ? ಇಲ್ಲಿ ಕೈ ಏನನ್ನೂ ಕದ್ದಿಲ್ಲ. ಹೇಳಬೇಕಾದ ಒಂದು ಮಾತನ್ನು ನಾಲಗೆ ಹೇಳದೆ ಉಳಿಸಿಕೊಂಡಿದೆ. ಆದ್ದರಿಂದ ದೋಷವು ಮಾತಿನದೇ ಆಗಿದೆ. ಗಿರಾಕಿ ಮರೆತಿರಬಹುದು, ರಸೀದಿ ಕಳೆದುಹೋಗಿರಬಹುದು, ಕೇಳಲು ಆತ ಸಂಕೋಚಪಡಬಹುದು, ಮುಂಗಡ ಕೊಟ್ಟ ಹಿರಿಯರೇ ರೋಗಕ್ಕೆ ಬಲಿಯಾಗಿರಲೂಬಹುದು. ಅಂಗಡಿಯ ಪುಸ್ತಕವು ಮಾತ್ರ ಮರೆತಿರುವುದಿಲ್ಲ. ಬಲ್ಲವನು ತಾನಾಗಿ ಹೇಳಬೇಕು ಎಂಬುದೇ ಈ ಅತಿಚಾರದ ತಾತ್ಪರ್ಯ.

ಆ ವರ್ಷದ ಚಿನ್ನದ ವ್ಯಾಪಾರವನ್ನು ನೋಡಿದರೆ ಈ ವಿಚಾರ ಸ್ಪಷ್ಟವಾಗುತ್ತದೆ. 2020ರ ಮಾರ್ಚ್‌ನಲ್ಲಿ ಹತ್ತು ಗ್ರಾಂಗೆ ನಲವತ್ತು ಸಾವಿರ ರೂಪಾಯಿಗಳ ಆಸುಪಾಸಿನಲ್ಲಿದ್ದ ಬೆಲೆಯು ಆಗಸ್ಟ್ ವೇಳೆಗೆ 55 ಸಾವಿರವನ್ನು ದಾಟಿತು. ಮಾರ್ಚ್‌ನಲ್ಲಿ ಮುಂಗಡ ಕೊಟ್ಟು, ಮದುವೆ ಮುಂದೆ ಹೋಗಿ, ಆಗಸ್ಟ್‌ನಲ್ಲಿ ಬಂದ ತಂದೆಗೆ ಯಾವ ದರ? ದರವನ್ನು ನಿಶ್ಚಯಿಸಿಯೇ ಹಣ ಪಡೆದಿದ್ದರೆ ನಷ್ಟವಾದರೂ ಮಾತು ಉಳಿಸಿಕೊಳ್ಳಬೇಕು. ಒಪ್ಪಿಸುವ ದಿನದ ದರವೆಂದು ಮೊದಲೇ ತಿಳಿಸಿದ್ದರೆ ಹೊಸ ದರ ಕೇಳುವುದು ಅನ್ಯಾಯವಲ್ಲ. ಯಾವುದನ್ನೂ ಸ್ಪಷ್ಟಪಡಿಸದಿದ್ದರೆ ಸಂದಿಗ್ಧದ ಭಾರವನ್ನು ಚೀಟಿ ಬರೆದವನೇ ಹೊರುವುದು ಯುಕ್ತ. ಏಕೆಂದರೆ ಸ್ಪಷ್ಟವಾಗಿ ಬರೆಯುವ ಅವಕಾಶ ಅವನದಾಗಿತ್ತು. ಹಳೆಯ ಚೀಟಿಗೆ ಆಮೇಲೆ ಒಂದು ಷರತ್ತನ್ನು ಸೇರಿಸಿದರೆ ಅದು ಕೂಟಲೇಖಕ್ರಿಯೆಯೇ ಆಗುತ್ತದೆ.

'ವ್ಯಾಪಾರಿಯೂ ನೊಂದವನಲ್ಲವೇ? ಬಾಡಿಗೆ, ಸಂಬಳ, ಸಾಲಗಳಲ್ಲಿ ಮುಂಗಡದ ಹಣವೆಲ್ಲ ಕರಗಿಹೋದ ಮೇಲೆ ಎಲ್ಲಿಂದ ಹಿಂದಿರುಗಿಸಬೇಕು?' ಎಂಬ ಆಕ್ಷೇಪವುಂಟು. ಇದು ನ್ಯಾಯವಾದ ಪ್ರಶ್ನೆ. ಆದರೆ ಸತ್ಯವ್ರತವು ಇಂದೇ ಹಣ ಕೊಡು ಎನ್ನುವುದಿಲ್ಲ. ಕೊಡಬೇಕಾದುದಿದೆ ಎಂದು ಇಂದೇ ಹೇಳು ಎನ್ನುತ್ತದೆ. ರಿಸರ್ವ್ ಬ್ಯಾಂಕು 2020ರ ಮಾರ್ಚ್ 1ರಿಂದ ಆಗಸ್ಟ್ 31ರವರೆಗೆ ಸಾಲದ ಕಂತುಗಳನ್ನು ಮುಂದೂಡಲು ಅವಕಾಶವಿತ್ತಾಗ ಅನೇಕ ವ್ಯಾಪಾರಿಗಳು ಅದನ್ನು ಕೋರಿ ಪಡೆದರು. ಆಗ ಯಾರ ಸಾಲವೂ ಅಳಿಯಲಿಲ್ಲ; ಬಡ್ಡಿಯೂ ನಿಲ್ಲಲಿಲ್ಲ. ಬ್ಯಾಂಕಿನಿಂದ ಕಾಲಾವಕಾಶ ಪಡೆದವನು ಗಿರಾಕಿಯಿಂದಲೂ ಅದನ್ನು ಕೇಳಬಹುದು. ಅದರಲ್ಲಿ ಅವಮಾನವಿಲ್ಲ. ಕೇಳದೆಯೇ ಕಾಲವನ್ನು ತೆಗೆದುಕೊಳ್ಳುವುದರಲ್ಲಿ ದೋಷವಿದೆ.

ಕಳೆದುದಕ್ಕೆ ಪ್ರತಿಕ್ರಮಣ, ಈಗಿನದಕ್ಕೆ ಆಲೋಚನೆ, ಬರುವುದಕ್ಕೆ ಪ್ರತ್ಯಾಖ್ಯಾನ ಎಂಬ ಕ್ರಮವು ನಮಗೆಲ್ಲ ಪರಿಚಿತವಾದುದು. ಅಂಗಡಿ ತೆರೆಯುವವನ ಮಾತಿಗೂ ಇದೇ ಕ್ರಮ ಹೊಂದುತ್ತದೆ. ಕಳೆದ ಕಾಲದ ಋಣವನ್ನು ಹೇಳಿದ ಬಳಿಕ ಈಗಿನ ಸ್ಥಿತಿಯನ್ನು ತಿಳಿಸಬೇಕು. ದಾಸ್ತಾನಿನಲ್ಲಿ ಹಳೆಯದೆಷ್ಟು, ಅವಧಿ ಮುಗಿಯುತ್ತಿರುವುದೆಷ್ಟು, ಬೆಲೆ ಏರಿದ್ದರೆ ಕಾರಣವೇನು, ಕೆಲಸಗಾರರು ಕಡಿಮೆಯಾಗಿ ವಿಳಂಬವಾಗುವುದಾದರೆ ಎಷ್ಟು ದಿನ ಎಂಬುದನ್ನು ಕೇಳುವ ಮೊದಲೇ ಹೇಳುವುದು ಉತ್ತಮ. ಹಳೆಯ ಸರಕನ್ನು ಹೊಸದೆಂದು ತೋರಿಸುವುದು ಪ್ರತಿರೂಪಕ ವ್ಯವಹಾರಕ್ಕೆ ದೂರವಾದುದಲ್ಲ. ಆ ಮಾರ್ಚ್‌ನಲ್ಲಿ ಸರ್ಕಾರವು ಮೂರು ಪದರದ ಮಾಸ್ಕಿಗೆ 10 ರೂಪಾಯಿ, 200 ಮಿಲಿಲೀಟರ್ ಸ್ಯಾನಿಟೈಸರಿಗೆ 100 ರೂಪಾಯಿ ಎಂದು ಬೆಲೆಯ ಮಿತಿಯನ್ನು ಹಾಕಬೇಕಾಗಿ ಬಂದುದೇಕೆಂಬುದನ್ನು ವಣಿಕ ಸಮಾಜದವರಾದ ನಾವು ಮರೆಯಬಾರದು.

ಇನ್ನು ಮುಂದಿನದರ ಮಾತು. 'ನಮ್ಮಲ್ಲಿ ನೂರಕ್ಕೆ ನೂರು ಸುರಕ್ಷಿತ' ಎಂಬ ಬರಹವನ್ನು ಅನೇಕ ಕಡೆ ಕಂಡೆವು. ಯಾವ ವ್ಯಾಪಾರಿಯೂ ಕೊಡಲಾಗದ ಭರವಸೆಯಿದು. ವಚನವು ಹಿತವೂ ಮಿತವೂ ಪ್ರಿಯವೂ ಆಗಿರಬೇಕೆಂಬ ನಿಯಮದಲ್ಲಿ ಪ್ರಿಯವೊಂದೇ ಉಳಿದು ಹಿತಮಿತಗಳು ಬಿಟ್ಟುಹೋದುದಕ್ಕೆ ಇದು ನಿದರ್ಶನ. ಕಿಟಕಿಗಳನ್ನು ತೆರೆದಿಟ್ಟಿದ್ದೇವೆ, ಒಮ್ಮೆಗೆ ಐವರನ್ನು ಮಾತ್ರ ಬಿಡುತ್ತೇವೆ, ಜ್ವರವಿರುವ ನೌಕರನಿಗೆ ಸಂಬಳಸಹಿತ ರಜೆ ಕೊಡುತ್ತೇವೆ ಎನ್ನುವುದಾದರೆ ಅದು ಮಾಡಿ ತೋರಿಸಬಹುದಾದ ಮಾತು. ಮಾಡಿದ್ದನ್ನು ಹೇಳಬೇಕು, ಫಲವನ್ನು ಹೇಳಬಾರದು.

ಹೀಗೆಲ್ಲ ಹೇಳಲು ದೀರ್ಘವಾದ ಪತ್ರ ಬೇಕಿಲ್ಲ. 'ಸೋಮವಾರದಿಂದ ಅಂಗಡಿ ತೆರೆದಿರುತ್ತದೆ. ನಿಮ್ಮ ಮುಂಗಡ ಐದು ಸಾವಿರ ರೂಪಾಯಿ ನಮ್ಮಲ್ಲಿದೆ. ಸರಕು ಬೇಕಿದ್ದರೆ ಹಳೆಯ ಬೆಲೆಗೇ ಕೊಡುತ್ತೇವೆ; ಹಣವೇ ಬೇಕಿದ್ದರೆ ಎರಡು ಕಂತುಗಳಲ್ಲಿ ಹಿಂದಿರುಗಿಸುತ್ತೇವೆ' ಎಂಬ ನಾಲ್ಕು ಸಾಲುಗಳು ಸಾಕು. ಇದನ್ನು ಬಾಗಿಲಿಗೆ ಅಂಟಿಸದೆ ಆಯಾ ಮನೆಗೇ ತಲುಪಿಸಬೇಕು. ಒಬ್ಬರ ಹಣದ ವಿಷಯ ಊರಿಗೆಲ್ಲ ತಿಳಿಯುವುದು ತರವಲ್ಲ.

ಈ ವಿಚಾರವು ಬಸದಿಗಳ ಆಡಳಿತ ಮಂಡಳಿಗಳಿಗೂ ಅನ್ವಯಿಸುತ್ತದೆ. ಕಲ್ಯಾಣ ಮಂಟಪಕ್ಕೆ ಪಡೆದ ಮುಂಗಡ, ನಡೆಯದೆ ಉಳಿದ ಅಭಿಷೇಕ ಪೂಜೆಗಳ ಕಾಣಿಕೆ, ಮುಂದೂಡಿದ ವಿಧಾನಗಳಿಗೆ ಬಂದ ದೇಣಿಗೆ ಇವೆಲ್ಲ ನ್ಯಾಸವೇ. ಭಕ್ತರು ದೇವರ ಹಣವೆಂದು ಕೇಳಲು ಹಿಂಜರಿಯುತ್ತಾರೆ. ಆದುದರಿಂದಲೇ ಮಂಡಳಿಯು ತಾನಾಗಿ ಹೇಳುವ ಹೊಣೆ ಇನ್ನಷ್ಟು ಹೆಚ್ಚುತ್ತದೆ.

ರೋಗದಿಂದಲೋ, 2019ರ ಆಗಸ್ಟ್‌ನಲ್ಲಿ ಉತ್ತರ ಕರ್ನಾಟಕ ಕಂಡಂತಹ ನೆರೆಯಿಂದಲೋ, ಮನೆಯ ಸಾವುನೋವುಗಳಿಂದಲೋ ಬಾಗಿಲುಗಳು ಮುಂದೆಯೂ ಮುಚ್ಚುತ್ತವೆ, ಮತ್ತೆ ತೆರೆಯುತ್ತವೆ. ಪ್ರತಿವರ್ಷ ದಶಲಕ್ಷಣ ಪರ್ವದ ಕೊನೆಗೆ ನಾವು ಗಿರಾಕಿಗಳಿಗೂ ಕ್ಷಮಾವಾಣಿಯ ಪತ್ರಗಳನ್ನು ಕಳುಹಿಸುತ್ತೇವೆ. ಆ ಪತ್ರವನ್ನು ಬರೆಯುವ ಮುನ್ನ ಮುಂಗಡದ ಪುಸ್ತಕವನ್ನು ಒಮ್ಮೆ ತೆರೆದು ನೋಡುವ ಪದ್ಧತಿಯನ್ನು ಪ್ರತಿಯೊಂದು ಅಂಗಡಿಯೂ ಪ್ರತಿಯೊಂದು ಮಂಡಳಿಯೂ ಇಟ್ಟುಕೊಳ್ಳುವುದು ಒಳ್ಳೆಯದು.